ನಾಲ್ಕನೆಯ ಏಟಿನ ನಂತರ

ಮಲೇಷ್ಯಾದ ಜೈಲೊಂದಕ್ಕೆ ಡಾಕ್ಟರಾಗಿ ಬಂದ ರುಸ್ಲಿಗೆ ಬೆತ್ತದ ಸದ್ದು ರೂಢಿಯಾಗಲು ಮೂರು ತಿಂಗಳು ಹಿಡಿಯಿತು. ಬೆತ್ತದೇಟಿನ ಶಿಕ್ಷೆಯಾದ ಕೈದಿಯ ಎದೆ, ನಾಡಿ ನೋಡಿ ‘ತಾಳಬಲ್ಲ’ ಎಂದು ಸಹಿ ಹಾಕುವುದು, ಏಟು ಬೀಳುವಾಗ ಪಕ್ಕದಲ್ಲಿ ನಿಲ್ಲುವುದು, ಆಮೇಲೆ ಗಾಯಕ್ಕೆ ನೇರಳೆ ಔಷಧಿ ಹಚ್ಚಿಸುವುದು ಅವನ ಕೆಲಸ.

ಕಡಲಾಚೆಯ ಲೊಂಬೊಕ್ ದ್ವೀಪದಿಂದ ಬಂದ ಮಹ್ಸುನ್ ತಾಳೆತೋಟದ ಕೂಲಿ. ಮೇಸ್ತ್ರಿಯ ಮನೆಗೆ ಕತ್ತಿ ಹಿಡಿದು ನುಗ್ಗಿದ್ದಕ್ಕೆ ಐದು ವರ್ಷ ಸೆರೆ, ಎಂಟು ಏಟು. ಮೇಲ್ಮನವಿಯಲ್ಲಿ ಏಟು ಮುಂದಕ್ಕೆ ಹೋಗುತ್ತಾ, ಬಿಡುಗಡೆಗೆ ಎರಡೇ ತಿಂಗಳಿರುವಾಗ ಅವನ ಸರದಿ ಬಂತು.

ಮೊದಲ ಏಟಿಗೇ ಪೃಷ್ಠದ ಚರ್ಮ ಒಡೆಯಿತು. ನಾಲ್ಕನೆಯದಕ್ಕೆ ಮೊಣಕಾಲು ಕುಸಿದವು, ನಾಡಿ ಎಳೆಯಷ್ಟಾಯಿತು. ರುಸ್ಲಿ ಕೈ ಎತ್ತಿದ.

ಮರದ ಚೌಕಟ್ಟಿಗೆ ಬಿಗಿದಿದ್ದ ಮಹ್ಸುನ್ ಹಾಗೆಯೇ ತಲೆ ತಿರುಗಿಸಿದ. “ನಿಲ್ಲಿಸ್ಬೇಡಿ ಡಾಕ್ಟ್ರೇ. ಹೊಡೆಸಿ ಮುಗಿಸ್ಬಿಡಿ. ನಾನು ಊರಿಗೆ ಹೋಗ್ಬೇಕು.”

ಉಳಿದ ಏಟಿಗೆ ಬದಲಾಗಿ ನ್ಯಾಯಾಲಯ ಸೆರೆವಾಸ ಹೆಚ್ಚಿಸಬಹುದೆಂಬುದು ರುಸ್ಲಿಗೂ ಗೊತ್ತಿತ್ತು. ಆದರೂ ಎತ್ತಿದ ಕೈ ಇಳಿಸಲಿಲ್ಲ.

ಮೂರು ವಾರ ಮಹ್ಸುನ್ ಬೋರಲಾಗಿಯೇ ಮಲಗಿದ. ಗಂಜಿಯನ್ನು ಗೋಡೆಗೆ ಭುಜ ಆನಿಸಿ ನಿಂತು ಕುಡಿದ. ಪಕ್ಕದ ಹಾಸಿಗೆಯವನು, ನಮ್ಮ ರಾಜರು ಸಿಂಹಾಸನದ ಮೇಲೆ ಕೂರೋದೇ ಇಲ್ಲವಲ್ಲ ಎಂದು ಕೆಣಕಿದರೂ ನಗಲಿಲ್ಲ. ಗಾಯ ಕೀವಾಗಿ, ಮತ್ತೆ ಒಣಗಿ, ಹಗ್ಗದಂತೆ ಗಂಟುಗಟ್ಟಿತು. ನ್ಯಾಯಾಲಯ ಹತ್ತು ತಿಂಗಳು ಸೇರಿಸಿತು. ಆ ಅವಧಿಯಲ್ಲೇ ಊರಲ್ಲಿ ಅವನ ಮಗಳ ಮದುವೆ ನಡೆದುಹೋಯಿತು.

ಬಿಡುಗಡೆಯ ದಿನ ಕೊನೆಯ ತಪಾಸಣೆಗೆ ಬಂದವನು ಬೆಂಚಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂತ. ಗಾಯದ ಕಲೆ ಮುಟ್ಟಿದರೆ ಏನೂ ತಿಳಿಯುವುದಿಲ್ಲ, ಸೆಕೆಗೆ ಮಾತ್ರ ಹುಚ್ಚು ಹಿಡಿಸುವಷ್ಟು ತುರಿಸುತ್ತದೆ ಎಂದ.

ರುಸ್ಲಿ ತಡೆಯಲಾರದೆ ಹೇಳಿದ. “ಅವತ್ತು ನಾನು ನಿಲ್ಲಿಸದಿದ್ರೆ ನೀನು ಸಾಯ್ತಿದ್ದೆ ಮಹ್ಸುನ್.”

“ಇರಬಹುದು. ನಾಲ್ಕನೇದಕ್ಕೆ ಕೈ ಎತ್ತಿದ್ರಿ, ಸರಿ. ಮೊದಲನೇದಕ್ಕೆ ಮುಂಚೆ ಸಹಿ ಹಾಕಿದ್ದು ಯಾರು?” ಎಂದ ಮಹ್ಸುನ್. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು, ಸಲಾಂ ಹೇಳಿ ಹೊರಟುಹೋದ.

ಆ ವಾರವೇ ರುಸ್ಲಿ ವರ್ಗಾವಣೆಗೆ ಅರ್ಜಿ ಬರೆದ. ಸಂಸಾರಕ್ಕೆ ಸಂಬಳ ಬೇಕಿತ್ತು, ಕೆಲಸ ಬಿಟ್ಟು ನಡೆಯುವ ಧೈರ್ಯ ಅವನಿಗಾಗಲಿಲ್ಲ. ಆದೇಶ ಬರಲು ಐದು ತಿಂಗಳಾಯಿತು. ಅಷ್ಟರಲ್ಲಿ ನಲವತ್ತಮೂರು ಜನ ತಾಳಬಲ್ಲರೆಂದು ಅವನು ಬರೆದುಕೊಟ್ಟಿದ್ದ. ಪ್ರತಿಯೊಬ್ಬನ ಹೆಸರನ್ನೂ ಕೇಳಿ ತಿಳಿದುಕೊಂಡಿದ್ದ. ಅದರಿಂದ ಅವರಿಗೆ ಏನೂ ಹಗುರವಾಗಲಿಲ್ಲ.