ಹಾಲಿನ ತಪ್ಪು

ಹಿತ್ತಲಲ್ಲಿ ಬಾಣಂತಿಯ ನೀರು ಕಾಯುತ್ತಿತ್ತು. ತಿಮ್ಮವ್ವ ಸೊಸೆಯ ಎದೆಹಾಲನ್ನು ಬಟ್ಟಲಿಗೆ ಹಿಂಡಿಸಿಕೊಂಡು, ಅದರಲ್ಲಿ ಒಂದು ಇರುವೆ ಬಿಟ್ಟು ನೋಡುತ್ತ ಕುಳಿತಿದ್ದಳು. ದೋರನಹಳ್ಳಿಯ ಆ ಮನೆಯಲ್ಲಿ ಕೂಸು ಹುಟ್ಟಿ ನಾಲ್ಕು ದಿನ. ಹಾಲು ಕುಡಿದಾಗಲೆಲ್ಲ ಹಸಿರಾಗಿ ಕಾರುತ್ತಿತ್ತು.

ಇರುವೆ ಕಾಲಾಡಿಸಿ ಸುಮ್ಮನಾಯಿತು.

"ಸತ್ತದ. ಹಾಲು ವಿಷ ಆಗ್ಯದ."

"ನೀರಾಗ ಹಾಕಿದ್ರೂ ಸಾಯ್ತದರಿ ಅತ್ತಿ," ಎಂದಳು ಮಲ್ಲೇಶ್ವರಿ.

ಎದುರುತ್ತರ ಕೇಳಿದ್ದೇ ಅವಳ ಗಂಡ ದೇವಿಂದ್ರ ಎದ್ದು ಬಂದ. ಮೊದಲ ಏಟು ಕಪಾಳಕ್ಕೆ ಬಿತ್ತು. ಅವಳು ಮುಖ ಮುಚ್ಚಿಕೊಂಡಾಗ ತಿಮ್ಮವ್ವ ಆ ಎರಡೂ ಕೈಗಳನ್ನು ಹಿಂದಕ್ಕೆಳೆದು ಹಿಡಿದಳು. ಮುಂದಿನ ಏಟಿಗೆ ತುಟಿ ಒಡೆದು ರಕ್ತ ಸೀರೆಗೆ ಇಳಿಯಿತು.

"ನನ್ನ ಕೂಸು ಕೊಲ್ಲಾಕತ್ತೀಯೇನು? ಇನ್ನೊಮ್ಮಿ ಹಾಲು ಕುಡಿಸಿದ್ರ ಕೈ ಮುರೀತೀನಿ."

ತಿಮ್ಮವ್ವ ಹಿಡಿತ ಸಡಿಲಿಸಲಿಲ್ಲ. ಮೂವತ್ತು ವರ್ಷಗಳ ಹಿಂದೆ ಅವಳ ಚೊಚ್ಚಲ ಕೂಸೂ ಹೀಗೇ ಹಸಿರು ಕಾರಿ ಒಂಬತ್ತನೆಯ ದಿನ ತೀರಿಕೊಂಡಿತ್ತು. ಅವಳ ಹಾಲಿನಲ್ಲೂ ಇರುವೆ ಸತ್ತಿತ್ತು. ತನ್ನ ಕೂಸನ್ನು ತಾನೇ ಕೊಂದೆನೆಂದು ನಂಬಿ ಬದುಕಿದವಳಿಗೆ ಮೊಮ್ಮಗನನ್ನು ಉಳಿಸಲು ಬೇರೆ ದಾರಿ ಕಾಣಲಿಲ್ಲ.

ಬಾಣಂತಿಯನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ಹಜರಾಬೀ ಕೂಸಿನ ಬಟ್ಟೆಯ ಕಲೆ ಕಂಡವಳೇ ಫೋನು ತೆಗೆದಳು. "ಹಸರು ಕಾರಿದ್ರ ಒಂದು ತಾಸೂ ತಡೀಬಾರದು ತಿಮ್ಮವ್ವ. ಪಂಚಾಯ್ತಿ ಆಮ್ಯಾಲ ಮಾಡ್ರಿ, ಗಾಡಿ ಕರಸ್ತೀನಿ."

ಯಾದಗಿರಿಯಲ್ಲಿ ಎಕ್ಸ್‌ರೇ ತೆಗೆದರು. ಕೂಸಿನ ಹೊಟ್ಟೆಯಲ್ಲಿ ಗಾಳಿಯ ಎರಡು ಕಪ್ಪು ಗುಳ್ಳೆಗಳು ಮಾತ್ರ ಕಂಡವು. ಅವುಗಳ ಮುಂದೆ ಕರುಳಿನ ದಾರಿ ಕಟ್ಟಿತ್ತು. ಅಂದೇ ಕಲಬುರಗಿಗೆ ಕಳಿಸಿದರು. ಅಲ್ಲಿ ಮೂಗಿನ ನಳಿಕೆಯಿಂದ ಹೊಟ್ಟೆಯ ಹಸಿರು ನೀರು ಹೊರತೆಗೆದು, ಸಲೈನ್ ಹಚ್ಚಿ, ಮರುದಿನ ಶಸ್ತ್ರಚಿಕಿತ್ಸೆ ಮಾಡಿದರು.

"ಮೇದೋಜೀರಕ ಗ್ರಂಥಿ ಕರುಳಿನ ಸುತ್ತ ಉಂಗುರದಂಗ ಬೆಳೆದಿತ್ತು," ಎಂದರು ವೈದ್ಯೆ. "ಬಸಿರಾಗಿದ್ದಾಗಲೇ ಹಂಗಾಗಿರ್ತದ. ಉಂಗುರ ಮುಟ್ಟಿಲ್ಲ. ಅದರ ಮ್ಯಾಲಿನ ಕರುಳು, ಕೆಳಗಿನ ಕರುಳು ಕೂಡಿಸಿ ಬ್ಯಾರೆ ದಾರಿ ಮಾಡೀವಿ. ಕರುಳು ಕೆಲಸ ಶುರು ಮಾಡಿದ ಮ್ಯಾಲ ತಾಯಿ ಹಾಲೇ ಕೊಡೋದು."

"ಹಾಲಿಂದು ತಪ್ಪಿಲ್ಲೇನ್ರಿ?" ದೇವಿಂದ್ರನ ದನಿ ಇಳಿದಿತ್ತು.

"ಏನೂ ಇಲ್ಲ."

ತಿಮ್ಮವ್ವ ಮುಂದೆ ಬಂದಳು. "ಮೂವತ್ತು ವರ್ಷದ ಹಿಂದ ನಂದೂ ಒಂದು ಹಿಂಗ ಕಾರಿ ಹೋತರಿ."

ವೈದ್ಯೆ ಅವಳ ಮುಖ ನೋಡಿದರು. "ಅದಕ್ಕೇನಾಗಿತ್ತು ಅಂತ ಈಗ ಹೇಳಾಕ ಬರಂಗಿಲ್ಲವ್ವ. ನಿನ್ನ ಹಾಲಿನಿಂದ ಅಲ್ಲ, ಅಷ್ಟು ಖರೆ."

ತಿಮ್ಮವ್ವ ಗೋಡೆಗೆ ಒರಗಿ ನಿಂತಳು. ಅಳು ಬರಲಿಲ್ಲ. ಸೊಸೆಯ ಮಣಿಕಟ್ಟಿನ ಮೇಲೆ ತನ್ನ ಬೆರಳುಗಳು ಮೂಡಿಸಿದ ನೀಲಿ ಗುರುತು ಕಾಣುತ್ತಿತ್ತು.

ಹಾಲು ಹಿಂಡಿ ಇಡುವುದನ್ನು ತೋರಿಸಲು ನರ್ಸ್ ಕೈ ಚಾಚಿದಳು. ಮಲ್ಲೇಶ್ವರಿ ಬೆದರಿ ಮುಖ ಮುಚ್ಚಿಕೊಂಡಳು.

"ತುಟಿಗೇನಾತು?"

"ಬಚ್ಚಲದಾಗ ಜಾರಿದೆ."

"ಜಾರಿಲ್ಲರಿ," ಎಂದಳು ತಿಮ್ಮವ್ವ. "ಇಂವ ಹೊಡದಾನ. ಕೈ ಹಿಡದಾಕಿ ನಾನು."

"ಯವ್ವಾ, ಬಾಯಿ ಮುಚ್ಚು."

"ಇಬ್ಬರ ಹೆಸರೂ ಬರಕೋರಿ," ತಿಮ್ಮವ್ವ ಮಗನತ್ತ ತಿರುಗದೆ ನರ್ಸಿಗೆ ಹೇಳಿದಳು. "ಮೊದಲ ನಂದು ಬರೀರಿ."