ಒಮಾನಿನ ದಾರಿಯಲ್ಲಿ ನಡೆಯದ ನೋಟು

ಮಿಶಿಗನ್‌ನಿಂದ ಊರಿಗೆ ಹೊರಟವರ ಮನೆಯಲ್ಲಿ ಕೊನೆಯ ವಾರ ಒಂದೇ ಗಲಾಟೆ. ಸೂಟ್‌ಕೇಸನ್ನು ಮತ್ತೆ ಮತ್ತೆ ತೂಗುತ್ತೇವೆ. ಯಾರಿಗೆ ಯಾವ ಚಾಕೊಲೇಟ್ ಎಂದು ಜಗಳವಾಡುತ್ತೇವೆ. ದಾರಿಯಲ್ಲಿ ಇಳಿಯುವ ದೇಶದ ದುಡ್ಡಿನ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ.

ವೆಸ್ಟ್ ಬ್ಲೂಮ್‌ಫೀಲ್ಡ್‌ನ ಶಿವರಾಮು ಕೂಡ ಯೋಚಿಸಿರಲಿಲ್ಲ. ಅವರು ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್. ಈ ಸಲ ಹೆಂಡತಿ ಲತಾಶ್ರೀ ಮತ್ತು ತಾಯಿ ರುದ್ರಮ್ಮನವರ ಜೊತೆ ಮೈಸೂರಿಗೆ ಹೊರಟಿದ್ದರು. ರುದ್ರಮ್ಮನವರಿಗೆ ಮರಳುಗಾಡಿನ ದೇಶವೊಂದನ್ನು ಕಣ್ಣಾರೆ ನೋಡುವ ಆಸೆ. ಅದಕ್ಕೇ ದಾರಿಯಲ್ಲಿ ಒಮಾನ್ ದೇಶದ ಮಸ್ಕತ್‌ನಲ್ಲಿ ಇಳಿದು ಮೂರು ದಿನ ಸುತ್ತುವುದೆಂದು ತೀರ್ಮಾನವಾಯಿತು.

ಹೊರಡುವ ಮುಂಚಿನ ಭಾನುವಾರ ಸ್ಟರ್ಲಿಂಗ್ ಹೈಟ್ಸ್‌ನಿಂದ ಪರಿಚಯದ ನೀಲಗಂಗಾ ಬಂದರು. ಧಾರವಾಡ ಕಡೆಯವರು. ಅಮೆರಿಕಕ್ಕೆ ಬರುವ ಮೊದಲು ಬಹಳ ವರ್ಷ ಮಸ್ಕತ್‌ನಲ್ಲಿ ಸಂಸಾರ ಮಾಡಿದವರು.

"ಅಲ್ರೀ ಶಿವರಾಮು ಅವರ, ಅಲ್ಲಿ ಖರ್ಚಿಗೆ ಒಮಾನಿನ ದುಡ್ಡು, ರಿಯಾಲ್, ಏನ್ ಮಾಡ್ತೀರಿ?"

"ರಿಯಾಲ್ ಯಾಕೆ ನೀಲಗಂಗಾ ಅವ್ರೇ? ಕಾರ್ಡ್ ಇದೆ, ಡಾಲರ್ ಇದೆ. ಡಾಲರ್ ಎಲ್ಲಿ ಬೇಕಾದ್ರೂ ನಡೆಯುತ್ತೆ. ಜೊತೆಗೆ ನಮ್ಮ ಆಫೀಸ್‌ನವರೊಬ್ರು ಇದನ್ನ ಕೊಟ್ಟಿದಾರೆ, ಅವರ ಹಳೇ ಟ್ರಿಪ್‌ದು." ಶಿವರಾಮು ಇಪ್ಪತ್ತು ರಿಯಾಲಿನ ಎರಡು ನೋಟು ತೋರಿಸಿದರು.

ನೀಲಗಂಗಾ ನೋಟನ್ನು ಬೆಳಕಿಗೆ ಹಿಡಿದು ನೋಡಿದರು. "ಇವು ಹಳೇವು ರೀ. ಅಲ್ಲಿ ಹಳೇ ನೋಟು ಭಾಳ ಬಂದ್ ಮಾಡ್ಯಾರ. ಇವು ಇನ್ನ ಅಂಗಡ್ಯಾಗ ನಡೆಯಂಗಿಲ್ಲ." ಆಮೇಲೆ ತಮ್ಮ ಪರ್ಸಿನಿಂದ ಒಂದು ರಿಯಾಲಿನ ಹೊಸ ನೋಟು ತೆಗೆದು ರುದ್ರಮ್ಮನವರ ಅಂಗೈಯಲ್ಲಿಟ್ಟು ತೋರಿಸಿದರು. "ಇದು ಈಗ ನಡಿಯೋದು. ಈ ಒಂದು ನೋಟಿಗೆ ಎರಡು ಡಾಲರ್ ಅರವತ್ತು ಸೆಂಟ್ ಬೆಲೆ ಐತ್ರಿ, ಅಮ್ಮಾರ."

ರುದ್ರಮ್ಮ ಕಣ್ಣರಳಿಸಿದರು. "ಅಯ್ಯೋ ಶಿವನೇ! ಡಾಲರ್‌ಗಿಂತ ದೊಡ್ಡ ದುಡ್ಡೂ ಇದ್ಯೇ?"

"ಐತ್ರಿ. ಒಂದು ರಿಯಾಲಿಗೆ ಸಾವಿರ ಬೈಸಾ. ಅದಕ್ಕ ಚುಕ್ಕಿ ಆದಮ್ಯಾಲೆ ಮೂರು ಅಂಕಿ ಬರೀತಾರ. 1.500 ಅಂತ ಇದ್ರ ಒಂದೂವರಿ ರಿಯಾಲ್, ಸಾವಿರದ ಐನೂರು ಅಲ್ಲ."

"ಸುಮ್ನೆ ಹೆದರಿಸ್ತೀರಿ," ಎಂದು ಶಿವರಾಮು ನಕ್ಕರು. ಲತಾಶ್ರೀ ನಗಲಿಲ್ಲ. ಮಸ್ಕತ್‌ನಲ್ಲಿ ಇಳಿದ ಕೂಡಲೇ ಅವರೇ ಹಣ ಬದಲಿಸುವ ಕೌಂಟರ್‌ಗೆ ಹೋಗಿ, ಸ್ವಲ್ಪ ಡಾಲರ್ ಕೊಟ್ಟು ರಿಯಾಲ್ ತೆಗೆದುಕೊಂಡರು. ಸಣ್ಣ ನೋಟುಗಳನ್ನೇ ಕೇಳಿ ಪಡೆದು ತಮ್ಮ ಪರ್ಸಿನಲ್ಲಿಟ್ಟರು.

ಮರುದಿನ ಬಾಡಿಗೆ ಕಾರಿನಲ್ಲಿ ನಿಜ್ವಾ ಊರಿನ ಕಡೆ ಹೊರಟರು. ದಾರಿಯುದ್ದಕ್ಕೂ ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟಗಳು. ಭೂಮಿಯ ಎಲುಬೇ ಹೊರಗೆ ಬಂದಂತೆ ಕಾಣುತ್ತಿತ್ತು. ಅಂಥ ಬೆಟ್ಟದ ಬುಡದಲ್ಲಿ ಒಂದು ಹಳ್ಳಿ, ಹಸಿರು ಖರ್ಜೂರದ ತೋಟ. ತೋಟದೊಳಗೆ ಕಲ್ಲಿನ ಕಾಲುವೆಯಲ್ಲಿ ತಿಳಿನೀರು ಜುಳುಜುಳು ಹರಿಯುತ್ತಿತ್ತು. ಬೆಟ್ಟದ ಒಡಲಿನಿಂದ ನೀರು ತರುವ ಈ ಕಾಲುವೆಗಳನ್ನು ಆ ಜನ ಎಷ್ಟೋ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ.

ರುದ್ರಮ್ಮ ನೀರಿಗೆ ಕೈಯಿಟ್ಟು ಹಾಗೇ ನಿಂತುಬಿಟ್ಟರು. "ಈ ಬಂಡೆ ಒಳಗಿಂದ ಗಂಗೆ ಬಂದಿದಾಳಲ್ಲೋ!" ಆ ಸಂಭ್ರಮದಲ್ಲಿ ಬಿಸಿಲೂ ನೆನಪಿಲ್ಲ, ಊಟವೂ ನೆನಪಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದರು.

ಕಾರಿನ ಹತ್ತಿರ ಬರುವಷ್ಟರಲ್ಲಿ ಕೈ ನಡುಗತೊಡಗಿತು. ಮೈ ಬೆವರಿತು. "ತಲೆ ತಿರುಗ್ತಿದೆ ಕಣೋ," ಎಂದು ಕುಸಿದು ಕೂತರು.

ಸಕ್ಕರೆ ಇಳಿದಿದೆ ಎಂದು ಲತಾಶ್ರೀಗೆ ಗೊತ್ತಾಯಿತು. "ರೀ, ಬೇಗ ಜ್ಯೂಸ್ ತನ್ನಿ!"

ಪಕ್ಕದಲ್ಲೇ ಪುಟ್ಟ ಅಂಗಡಿ. ಲತಾಶ್ರೀ ಪರ್ಸಿನಲ್ಲಿದ್ದ ರಿಯಾಲ್ ಕೇಳುವ ಯೋಚನೆಯೂ ಬಾರದೆ ಶಿವರಾಮು ಓಡಿದರು. ಜ್ಯೂಸ್, ಬಿಸ್ಕತ್ತು ಎತ್ತಿಕೊಂಡು ಕಾರ್ಡ್ ಚಾಚಿದರು. ಸಿಗ್ನಲ್ ಇಲ್ಲದೆ ಮಷೀನ್ ಸುಮ್ಮನಿತ್ತು. ಆ ಹಳೇ ಇಪ್ಪತ್ತರ ನೋಟು ಕೊಟ್ಟರು. ಅಂಗಡಿಯ ವೃದ್ಧರು ತಿರುಗಿಸಿ ನೋಡಿ, ನಡೆಯುವುದಿಲ್ಲ ಎಂದು ತಲೆಯಾಡಿಸಿದರು. ನೂರು ಡಾಲರ್ ನೋಟು ತೆಗೆದರು. ವೃದ್ಧರು ಅದನ್ನು ಮುಟ್ಟಲೂ ಇಲ್ಲ. ಬಾಗಿಲಾಚೆ ಕೂತಿದ್ದ ರುದ್ರಮ್ಮನವರ ಮೇಲೆ ಅವರ ಕಣ್ಣು ಬಿತ್ತು. ತಾವೇ ಬಾಟಲಿಯ ಮುಚ್ಚಳ ತೆಗೆದು ಹಿಂದಿಯಲ್ಲಿ ಹೇಳಿದರು: "ಮೊದಲು ತಾಯಿಗೆ ಕುಡಿಸಪ್ಪ. ದುಡ್ಡಿನ ಮಾತು ಆಮೇಲೆ."

ಶಿವರಾಮು ಬಾಟಲಿ ಹಿಡಿದು ತಾಯಿಯತ್ತ ಓಡಿದರು. ಜೇಬಿನಲ್ಲಿ ನೂರಾರು ಡಾಲರ್ ಇದ್ದರೂ, ತಾಯಿಯ ಗುಟುಕು ಜ್ಯೂಸಿಗೆ ಅಪರಿಚಿತರ ದಯೆ ಬೇಕಾಗಿತ್ತು.

ಸ್ವಲ್ಪ ಹೊತ್ತಿಗೆ ರುದ್ರಮ್ಮನವರ ಮುಖಕ್ಕೆ ಕಳೆ ಬಂತು. ಲತಾಶ್ರೀ ಅಂಗಡಿಗೆ ಹೋಗಿ ಬೆಲೆ ಕೇಳಿದರು. ವೃದ್ಧರು ಕ್ಯಾಲ್ಕುಲೇಟರ್ ತೋರಿಸಿದರು: 0.600.

"ಅರವತ್ತು ಸೆಂಟ್ ಇರ್ಬೇಕು," ಎಂದರು ಹಿಂದೆಯೇ ಬಂದ ಶಿವರಾಮು.

"ಅಲ್ಲ ರೀ, ಆರುನೂರು ಬೈಸಾ. ನಮ್ ಲೆಕ್ಕದಲ್ಲಿ ಒಂದೂವರೆ ಡಾಲರ್ ಮೇಲೆ." ಲತಾಶ್ರೀ ಅರ್ಧ ರಿಯಾಲಿನ ಒಂದು ನೋಟು, ನೂರು ಬೈಸಾದ ಒಂದು ನೋಟು ಕೊಟ್ಟರು. ವೃದ್ಧರು ಎದೆಯ ಮೇಲೆ ಕೈಯಿಟ್ಟು ವಂದಿಸಿ, ಒಂದು ಹಿಡಿ ಖರ್ಜೂರವನ್ನೂ ಕಟ್ಟಿಕೊಟ್ಟರು. ಅದಕ್ಕೆ ಎಷ್ಟು ಒತ್ತಾಯಿಸಿದರೂ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊರಡುವ ದಿನ ಹೋಟೆಲ್‌ನ ಕಾರ್ಡ್ ಮಷೀನ್ ಒಂದು ಪ್ರಶ್ನೆ ಕೇಳಿತು: ಡಾಲರ್‌ನಲ್ಲಿ ಕಟ್ಟುತ್ತೀರೋ, ರಿಯಾಲ್‌ನಲ್ಲೋ? ಶಿವರಾಮು ಈ ಸಲ ಅವಸರಪಡದೆ ನೀಲಗಂಗಾಗೆ ಫೋನ್ ಮಾಡಿದರು.

"ರಿಯಾಲ್ ಒತ್ರಿ. ಡಾಲರ್ ಒತ್ತಿದ್ರ ಮಷೀನ್ ಮಂದಿ ಹೇಳಿದ್ದ ರೇಟು. ಸಾಮಾನ್ಯ ನಮಗ ಅದರಾಗ ಲುಕ್ಸಾನ," ಎಂದರು ಅವರು.

ಶಿವರಾಮು ರಿಯಾಲ್ ಒತ್ತಿ, ನಿಜ್ವಾ ದಾರಿಯಲ್ಲಿ ನಡೆದದ್ದನ್ನೂ ಹೇಳಿದರು. "ನೀವು ಅವತ್ತೇ ಹೇಳಿದ್ರಿ. ನಾನು ಕೇಳಲಿಲ್ಲ. ಅಮ್ಮನ್ನ ಉಳಿಸಿದ್ದು ಆ ಅಂಗಡಿ ತಾತನ ಒಳ್ಳೇತನ," ಎಂದರು.

ಬಂಧುಗಳೇ, ಎಲ್ಲ ಕಡೆ ಅಂಥ ತಾತ ಸಿಗುತ್ತಾರೆಂದು ನಂಬಿ ಹೊರಡಬೇಡಿ. ಗಲ್ಫ್‌ನ ಒಂದೊಂದು ದೇಶದ ದುಡ್ಡಿಗೂ ಒಂದೊಂದು ಬೆಲೆ. ಹೋಗುವ ಮುಂಚೆ ತಿಳಿದುಕೊಳ್ಳಿ. ಯಾರೋ ಕೊಟ್ಟ ಹಳೆಯ ನೋಟು ಈಗಲೂ ನಡೆಯುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ. ಕಾರ್ಡ್ ಇರಲಿ, ಜೊತೆಗೆ ಅಲ್ಲಿನ ಸಣ್ಣ ನೋಟುಗಳೂ ಇರಲಿ. ಮಷೀನ್ ಕೇಳಿದರೆ ಆ ದೇಶದ ದುಡ್ಡನ್ನೇ ಒತ್ತಿ. ಇಷ್ಟು ಮಾಡಿಕೊಂಡು, ಈ ಸಲ ಊರಿಗೆ ಹೋಗುವಾಗ ವಿಮಾನ ನಿಲ್ದಾಣದ ಗಾಜಿನೊಳಗೇ ಕೂತು ಹೊತ್ತು ಕಳೆಯಬೇಡಿ. ಹಿರಿಯರ ಕೈ ಹಿಡಿದು ಹೊರಗೆ ನಡೆಯಿರಿ. ಬೆರಗುಪಡುವಂಥದ್ದು ಅಲ್ಲಿ ಬೇಕಾದಷ್ಟಿದೆ.