ಮೊದಲ ಹನಿ

"ಬೇಡ ಡಾಕ್ಟ್ರೇ. ಕಾಪಿ ಮದ್ದ್ ನಮ್ಮ್ ಮಗುಗೆ ಬೇಡ," ಎಂದು ಚಂದಯ್ಯ ಬಾಗಿಲಿಗೆ ಅಡ್ಡ ನಿಂತರು.

ಕುಂದಾಪುರದ ಆ ಆಸ್ಪತ್ರೆಯಲ್ಲಿ, ಬಾಗಿಲಿನ ಆಚೆಗೆ, ಬೆಚ್ಚಗಿನ ಗಾಜಿನ ಪೆಟ್ಟಿಗೆಯೊಳಗೆ ಅವರ ಮೊಮ್ಮಗಳು ಮಲಗಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಅವಸರಗಾತಿ. ಬರಲು ಅಷ್ಟು ಅವಸರ ಮಾಡಿದವಳು ಬಂದ ಮೇಲೆ ಉಸಿರಾಡುವುದನ್ನೇ ಆಗಾಗ ಮರೆಯುತ್ತಿದ್ದಳು. ಆಪರೇಷನ್ ಆಗಿ ಮೇಲಿನ ಮಹಡಿಯಲ್ಲಿ ಮಲಗಿದ್ದ ಸೊಸೆ ಕ್ಷಮಾ, ಮುಂಬೈಯಿಂದ ರೈಲಿನಲ್ಲಿ ಬರುತ್ತಿದ್ದ ಮಗ ಸುಶಾಂತ್, ಇಬ್ಬರೂ "ನೀವ್ ಹೇಳಿದಂಗೆ" ಎಂದುಬಿಟ್ಟಿದ್ದರು. ಹೂಂ ಅನ್ನುವ ಭಾರವೆಲ್ಲ ಈಗ ಚಂದಯ್ಯನವರದು.

ಬೈಂದೂರಿನಲ್ಲಿ ಅವರ ಹೋಟೆಲು. ಹೆದ್ದಾರಿಯ ಬಸ್ಸಿನವರು ಅವರ ಕಾಫಿಗೆಂದೇ ಬ್ರೇಕ್ ಹಾಕುತ್ತಾರೆ. ಡಾಕ್ಟರು ಕೊಡಹೊರಟಿದ್ದ ಮದ್ದು ಕೆಫೀನ್, ಕಾಫಿಯಲ್ಲಿರುವುದೇ; ಆ ಕಾಫಿಯ ಗುಣವನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸ್ಟ್ರಾಂಗಾಗಿ ಎರಡು ಲೋಟ ಕುಡಿದರೆ ಅವರ ತಲೆಯೇ ಡಬಡಬ ಹೊಡೆದುಕೊಳ್ಳುತ್ತದೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಈ ತಲೆ ಅದನ್ನು ತಡೆದೀತೇ?

"ರಕ್ತ ತಲೆಗೇರಿ ಎಂತಾರೂ ಆರೆ?"

ಡಾಕ್ಟರ್ ಅನಿಷಾ ಬ್ರಹ್ಮಾವರದವಳು. ಮುಚ್ಚುಮರೆ ಗೊತ್ತಿಲ್ಲದ ಹುಡುಗಿ. "ಏರುದಿಲ್ಲೆ. ಈ ಮದ್ದ್ ಉಸ್ರಾಡೂಕೆ ಮಿದುಳನ್ನ ಎಬ್ಬಿಸತ್ತ್. ಆರೆ ಮಿದುಳಿಗೆ ಹೋಪ ರಕ್ತ ಸ್ವಲ್ಪ ಹೊತ್ತ್ ಒಂಚೂರ್ ಕಮ್ಮಿ ಆಪುಕೂ ಸಾಕ್. ಅದ್ಕೇ ನಿಧಾನ ಕೊಡ್ತೆ, ನೆತ್ತಿ ಮೇಲೆ ಸ್ಕ್ಯಾನ್ ಇಟ್ಟ್ ಕಾಂತೆ."

ಹೆಚ್ಚಾದೀತೆಂದು ಹೆದರಿದ್ದವರಿಗೆ ಈಗ ಕಮ್ಮಿಯಾದೀತೆಂಬ ಹೆದರಿಕೆ ಶುರುವಾಯಿತು. ಬಾಯಿ ತೆರೆಯುವಷ್ಟರಲ್ಲಿ ಒಳಗೆ ಯಂತ್ರ ಕೂಗಿತು. ಮಗುವಿನ ಎದೆ ಅಲುಗುತ್ತಿರಲಿಲ್ಲ, ತುಟಿ ನೀಲಿಗಟ್ಟುತ್ತಿತ್ತು. ನರ್ಸ್ ವನಜ ಓಡಿ ಅಂಗಾಲು ತಿಕ್ಕಿದಳು. ಮತ್ತೆ ತಿಕ್ಕಿದಳು. ಕೊನೆಗೆ ಎದೆ ಏರಿತು.

"ಹ್ವಾಯ್," ಹೆಂಡತಿ ಕುಸುಮಾವತಿ ಹಿಂದಿನಿಂದ ಅವರ ಅಂಗಿ ಜಗ್ಗಿದರು. "ಉಸ್ರೇ ಇಲ್ದಿರೆ ಮಿದುಳಿಗೆ ಎಂತ ಹೋತ್ತ್? ದಾರಿ ಬಿಡಿ."

ಚಂದಯ್ಯ ದಾರಿ ಬಿಟ್ಟರು. ಆದರೆ ಹಟ ಪೂರ್ತಿ ಬಿಡಲಿಲ್ಲ. "ಆಯ್ತ್ ಡಾಕ್ಟ್ರೇ. ಆರೆ ನಾನ್ ರುಚಿ ಕಾಣ್ದೆ ಯಾರಿಗೂ ಕಾಪಿ ಕೊಟ್ಟವ ಅಲ್ಲ."

ಅದು ಹೋಟೆಲಿನ ಕಟ್ಟುನಿಟ್ಟು. ಬೆಳಗಿನ ಮೊದಲ ಲೋಟ ಯಜಮಾನರು ಕುಡಿಯದೆ ಗಿರಾಕಿಗೆ ಕಾಫಿಯಿಲ್ಲ. ಕುಸುಮಾವತಿ ತಲೆ ಚಚ್ಚಿಕೊಂಡರು. ಅನಿಷಾ ಮಾತ್ರ ನಗಲಿಲ್ಲ. ಮಗುವಿಗೆ ಬೇಕಾದಷ್ಟನ್ನು ಸಿರಿಂಜಿಗೆ ಎಳೆದುಕೊಂಡು, ಸೀಸೆಯಲ್ಲಿ ಉಳಿದಿದ್ದ ಒಂದು ಹನಿಯನ್ನು ಅವರ ಅಂಗೈಗೆ ಹಾಕಿದಳು.

ಅವರು ಕಣ್ಣು ಮುಚ್ಚಿ ನೆಕ್ಕಿದರು. ಹಾಲು, ಸಕ್ಕರೆಯ ಮುಲಾಜಿಲ್ಲದ ಕಹಿ. "ಹೌದ್," ಎಂದರು, "ಕಲಬೆರಕೆ ಇಲ್ಲೆ. ಕೊಡಿ."

ಮಗುವಿನ ಮೆತ್ತನೆಯ ನೆತ್ತಿಗೆ ಜೆಲ್ಲಿ ಸವರಿ ಅನಿಷಾ ಸ್ಕ್ಯಾನಿನ ಹಿಡಿ ಇಟ್ಟಳು. ಸರ್, ಸರ್, ಸರ್. ಯಾರೋ ಅಂಗಳ ಗುಡಿಸುವಂಥ ಸದ್ದು. ಮೊಮ್ಮಗಳ ಮಿದುಳಿಗೆ ರಕ್ತ ಹರಿಯುವ ಸದ್ದು ಅದು. ಮದ್ದು ನಿಧಾನವಾಗಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಸದ್ದು ತುಸು ತಗ್ಗಿತು. ಈಗ ಉಸಿರು ಬಿಗಿಹಿಡಿದದ್ದು ಚಂದಯ್ಯ.

"ಇಷ್ಟೇ," ಎಂದಳು ಅನಿಷಾ. "ನಾನ್ ಹೇಳಿದ್ದ್ ಇದೇ. ಹೆದ್ರಬೇಡಿ."

ಸಂಜೆ ಮತ್ತೆ ಹಿಡಿ ಇಟ್ಟಾಗ ಅಂಗಳ ಮೊದಲಿನಷ್ಟೇ ರಭಸದಿಂದ ಗುಡಿಸಿಕೊಳ್ಳುತ್ತಿತ್ತು. ಮರುದಿನ ಯಂತ್ರ ಕೂಗಲೇ ಇಲ್ಲ. ಕೂಗಿದವಳು ಮೊಮ್ಮಗಳು. ಗಾಜಿನ ಪೆಟ್ಟಿಗೆಯೊಳಗಿಂದ ಬಂದ ಆ ಗಿಣಿಮರಿಯ ಕೂಗಿಗೆ ಚಂದಯ್ಯ ವರಾಂಡದ ತುಂಬ ಕೇಳುವಂತೆ "ಗೆದ್ಲ್! ನಮ್ಮ್ ಹೆಣ್ಣ್ ಗೆದ್ಲ್!" ಎಂದು ಕಿರುಚಿದರು. ವನಜ ಗದರುವುದನ್ನೂ ಮರೆತು ನಕ್ಕಳು.

ಬೈಂದೂರಿನ ಪಕ್ಕದ ಯಡ್ತರೆಯ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಕುಸುಮಾವತಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಬಟ್ಟಲಿಗೆ ಕೈ ಚಾಚಿದರು. ಚಂದಯ್ಯ ಅದಕ್ಕೂ ಮೊದಲೇ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಿದ್ದರು.

"ಅದಕ್ಕೂ ರುಚಿ ಕಾಣ್ಕಾ?"

ಚಂದಯ್ಯ ಮೊದಲ ಹನಿಯನ್ನು ತಾವೇ ನೆತ್ತಿಗೆ ಬಿಟ್ಟು, ಮೆಲ್ಲಗೆ ಬೆರಳಿಟ್ಟರು. ಅದರಡಿಯಲ್ಲಿ ಮಿಡಿತ ಏರುತ್ತಿತ್ತು, ಇಳಿಯುತ್ತಿತ್ತು. ಪಕ್ಕದ ಲೋಟದಲ್ಲಿ ಅವರ ಕಾಫಿಗೆ ಕೆನೆ ಕಟ್ಟುತ್ತಿತ್ತು.